ಮೂವತ್ತು ನಲವತ್ತು

ಹಲ್ಲು ಕಟ್ಟುವುದು ನನ್ನ ಕಸುಬು.
ಮತ್ತಿಕೆರೆಯ ಹಿಂದಿನ ರಸ್ತೆ, ಮಹಡಿ ಮೇಲೆ ಒಂದೇ ಕೋಣೆ.
ಕಿಟಕಿಯ ಕಡೆ ಮೇಜಿನ ತುಂಬ ಊರವರ ದವಡೆಗಳು;
ಗೋಡೆಯ ಕಡೆ, ಹಳೆಯ ಬಾಗಿಲೊಂದನ್ನು ಮಲಗಿಸಿ,
ನನ್ನ ರೈಲು.

ಎಂಬತ್ತೇಳರಲ್ಲಿ ಒಂದು ಪಾಲಿನ ಊರು ಅದು.
ದವಡೆ ಎರಕ ಹೊಯ್ದು ಉಳಿದ ಪ್ಲಾಸ್ಟರಿನಲ್ಲಿ ಗುಡ್ಡ,
ಕಾಫಿ ಚರಟ ಒಣಗಿಸಿ ಮಣ್ಣು,
ಪಾತ್ರೆ ಉಜ್ಜುವ ನಾರಿನಲ್ಲಿ ಹೊಂಗೆಮರ.
ಸ್ಟೇಷನ್ನಿಗೆ ಲೊಟ್ಟೆಗೊಲ್ಲಹಳ್ಳಿ ಎಂದು ಹೆಸರು ಬರೆದೆ.
ಅಷ್ಟುದ್ದದ ಹೆಸರು ಹಿಡಿಸಲು
ಮೂರು ಹಳದಿ ಹಲಗೆ ಕೆಟ್ಟವು.

ಎಲ್ಲ ಸರಿ. ಸ್ಟೇಷನ್ನಿನ ಎದುರು,
ಗೇಟಿಗೂ ಹಳಿಗೂ ನಡುವೆ
ಒಂದು ಖಾಲಿ.
ಬಿದ್ದ ಹಲ್ಲಿನ ಜಾಗಕ್ಕೆ ನಾಲಿಗೆ ಹೋದ ಹಾಗೆ
ಬಂದವರ ಕಣ್ಣೆಲ್ಲ ಅಲ್ಲಿಗೇ.

ಅಳತೆ ಹಿಡಿದೆ: ನಾಲ್ಕಿಂಚು ಚಿಲ್ಲರೆ, ಐದೂವರೆ.
ಗುಣಿಸಿ ನೋಡಿದರೆ ನಗು ಬಂತು,
ಸರಿಯಾಗಿ ಮೂವತ್ತು ನಲವತ್ತು!
ಇಪ್ಪತ್ತಾರು ವರ್ಷ ಬಾಡಿಗೆ ಕಟ್ಟಿದವಳಿಗೆ
ಕೊನೆಗೂ ಈ ಊರಲ್ಲೊಂದು ಸೈಟು,
ಅದೂ ಸ್ಟೇಷನ್ನಿಗೆ ಅಂಟಿಕೊಂಡು, ಪೂರ್ವಕ್ಕೆ ಮುಖ.
ಖಾತೆ ಯಾವುದು ಎಂದು ಮಾತ್ರ ಕೇಳಬೇಡಿ.

ಸಲಹೆಗಳು ಮೆಟ್ಟಿಲು ಹತ್ತಿ ಬಂದವು.
ಓನರ್ ಮಗ ತೇಜಸ್ವಿ ಹೇಳಿದ:
"ಆಂಟಿ, ನಾಲ್ಕು ಫ್ಲೋರ್ ಎತ್ತಿ, ಪಿಜಿ ಮಾಡಿಬಿಡಿ."
ಬೆಂಕಿಪೆಟ್ಟಿಗೆ ಪೇರಿಸಿ ನೋಡಿದೆ; ಸ್ಟೇಷನ್ನಿಗೆ ಬಿಸಿಲೇ ಇಲ್ಲ.
ಪಕ್ಕದ ಮನೆಯ ಜಲಜಾಕ್ಷಮ್ಮ:
"ಪುಟ್ಟದೊಂದು ಗಣಪತಿ ಗುಡಿ ಇಡು,
ಒಂದು ದಿನ ಇಟ್ಟರೆ ಸಾಕು, ಆಮೇಲೆ ಯಾರೂ ತೆಗೆಸಕ್ಕಾಗಲ್ಲ."
ಅದಕ್ಕೇ ಹೆದರಿ ಬೇಡವೆಂದೆ.
ಹಾಲಿನ ಬೂತು ಮಾಡೋಣವೆಂದರೆ
ಡಬ್ಬಿಯಲ್ಲಿ ಉಳಿದಿದ್ದು ಒಸಡಿನ ಗುಲಾಬಿ ಬಣ್ಣ.
ರಾತ್ರಿ ದೀಪ ಆರಿಸುವಾಗ
ಆ ಬೂತು ಬಾಯಿ ತೆರೆದ ಹಾಗಿತ್ತು.
ಕಿತ್ತೆ. ಕೀಳುವುದು ನನ್ನ ಕೆಲಸವಲ್ಲ,
ಆದರೂ ಕಿತ್ತೆ.

ಶನಿವಾರ ಪಿಳ್ಳಪ್ಪ ಬಂದರು, ಮೇಲಿನ ಸೆಟ್ಟು ಒತ್ತುತ್ತದೆ ಎಂದು.
ಮೂವತ್ತೊಂದು ವರ್ಷ ಗ್ಯಾಂಗಿನಲ್ಲಿದ್ದವರು.
ಸೆಟ್ಟನ್ನು ನನ್ನ ಕೈಗಿತ್ತು,
ಹಲ್ಲಿನವಳು ಕೊಡಬಾರದ ಜಿಲೇಬಿಯನ್ನು
ಬೋಡುಬಾಯಲ್ಲೇ ಚೀಪುತ್ತ
ಬಾಗಿಲಿಗೆ ಒಂದು ಸುತ್ತು ಬಂದರು.
ರೈಲು ನೋಡಲಿಲ್ಲ. ಜಲ್ಲಿ ನೋಡಿದರು.
ಕುಕ್ಕರುಗಾಲಲ್ಲಿ ಕೂತು, ಹಳಿಗೆ ಕಣ್ಣು ಸಮ ಹಿಡಿದು,
"ಇಲ್ಲಿ ತಗ್ಗಿದೆ" ಎಂದರು.
ಇತ್ತು.

ಖಾಲಿ ಜಾಗ ತೋರಿಸಿದೆ. ಇಲ್ಲಿ ಏನಿಡಲಿ?
"ಅಲ್ಲಮ್ಮ, ಕೆಲಸ ಮಾಡಿ ಮಿಕ್ಕಿದ್ದು ಎಲ್ಲಿಟ್ಟಿದ್ದೀ?"
ನನ್ನ ಸ್ಪಿರಿಟ್ ದೀಪದ ಬುಡದಲ್ಲಿ ಬಿದ್ದ
ಸುಟ್ಟ ಕಡ್ಡಿಗಳನ್ನು ಆಯ್ದು, ಮುರಿದು,
ಉದ್ದಕ್ಕೆ ಮೂರು, ಅಡ್ಡಕ್ಕೆ ಮೂರು ಪೇರಿಸಿದರು:
ಹಳೇ ಸ್ಲೀಪರು.
ಪಕ್ಕದಲ್ಲಿ ಒಂದು ಚಿಟಿಕೆ ಜಲ್ಲಿ, ಯಾರೋ ಮರೆತು ಹೋದ ಹಾಗೆ.
ಆಮೇಲೆ ಹೆಬ್ಬೆರಳು ಒತ್ತಿ
ಗೇಟಿನಿಂದ ಆಚೆ ಪ್ಲಾಟ್‌ಫಾರಮ್ಮಿನ ತುದಿಗೆ
ಓರೆಯಾಗಿ ಎಳೆದರು ಒಂದು ಗೆರೆ.
ನಡುವೆ ಹಳಿ ಬಂದಾಗಲೂ ಬೆರಳು ಎತ್ತಲಿಲ್ಲ.

"ದಾರಿ. ಯಾರೂ ಮಾಡಲ್ಲ ಇದನ್ನ, ತಾನೇ ಆಗ್ತದೆ.
ನಾವು ಬೇಲಿ ಹಾಕ್ತಿದ್ವಿ, ಜನ ತುಳೀತಿದ್ರು.
ಎಂಟರ ಗಾಡಿಗೆ ಸುತ್ತಿ ಬರೋರು ಯಾರು?
ಹತ್ತಿದವರ ಲೆಕ್ಕ ಸ್ಟೇಷನ್ನಿನೋರು ಇಡ್ತಿದ್ರು,
ಹತ್ತದೇ ಹೋದವರ ಲೆಕ್ಕ
ನಮ್ಮ ಗ್ಯಾಂಗಿಗೆ."
ಬೆರಳನ್ನು ಪಂಚೆಗೆ ಒರೆಸಿಕೊಂಡರು.
"ಸೆಟ್ಟು ಆಯ್ತಾ?"

ಆ ರಾತ್ರಿ ಅಂಟು ಹಾಕಲು ಮನಸ್ಸಾಗಲಿಲ್ಲ.
ಬೆಳಗ್ಗೆ ಎದ್ದು ನೋಡುತ್ತೇನೆ,
ಗೇಟಿನ ಕಡೆಯಿಂದ ಇರುವೆ ಸಾಲು.
ಪಿಳ್ಳಪ್ಪನವರ ಹೆಬ್ಬೆರಳಿನ ಸಿಹಿ ಹಿಡಿದು
ಸ್ಲೀಪರಿನ ಪಕ್ಕ, ಜಲ್ಲಿಯ ಪಕ್ಕ,
ಹಳಿ ಹತ್ತಿ, ಹಳಿ ಇಳಿದು,
ಓರೆ ದಾರಿಯಲ್ಲೇ. ಒಂದೂ ಸುತ್ತಿ ಬರುವುದಿಲ್ಲ.

ಗಾಡಿ ಬಿಡುವ ಗುಂಡಿಯ ಮೇಲೆ
ಆಗಲೇ ಬೆರಳಿಟ್ಟಿದ್ದೆ.
ತೆಗೆದೆ.
ಎಂಟರ ಗಾಡಿ ಇವತ್ತು ತಡ.